ಜೀವತಂತ್ರಜ್ಞಾನ ಮತ್ತು ಇಂಧನವಿದ್ಯೆಗಳ ಉನ್ನತ ವ್ಯಾಸಂಗ: ಬಸವಕಲ್ಯಾಣ, ಹುಮನಾಬಾದ ಸೀಮೆಗೆ ಅದರ ಪ್ರಯೋಜನ

ಕಲ್ಯಾಣವು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಕಾಲದಲ್ಲಿ ಎರಡು ಹೆಸರಾಂತ ಗ್ರಂಥಗಳು ಹುಟ್ಟಿದವು. ಒಂದು, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ. ಇನ್ನೊಂದು, ಆ ಅರಸನ ಮಗನಾದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸ. ತಂದೆಯ ಸ್ವತ್ತನ್ನು ಮಕ್ಕಳು ಯಾವ ಕ್ರಮದಲ್ಲಿ ಹಂಚಿಕೊಳ್ಳತಕ್ಕದ್ದು ಎಂಬುದನ್ನು ಮೊದಲನೆಯದು ನಿರ್ಣಯಿಸಿತು. ಎರಡನೆಯದು ಅಡಿಗೆ, ಆನೆಕುದುರೆಗಳ ಪಾಲನೆ, ರತ್ನಪರೀಕ್ಷೆ, ಸಂಗೀತವೇ ಮೊದಲಾದ ಅನೇಕ ಕಸುಬುಗಳ ತಿಳಿವಳಿಕೆಯನ್ನು ಒಂದೆಡೆ ಕೂಡಿಸಿತು.

ಇಂದು ಬಸವಕಲ್ಯಾಣ, ಹುಮನಾಬಾದ ಸೀಮೆಯ ಜಮೀನುದಾರರ ಮುಂದೆ ಈ ಎರಡು ವಿಷಯಗಳೂ ಜೊತೆಯಾಗಿ ಬಂದು ನಿಂತಿವೆ. ತಲೆಮಾರಿಗೊಮ್ಮೆ ಹೊಲವು ಪಾಲಾಗುತ್ತ ಬಂದು, ಅಜ್ಜನ ಕಾಲದ ಒಂದು ದೊಡ್ಡ ಹಿಡುವಳಿ ಮೊಮ್ಮಕ್ಕಳ ಕಾಲಕ್ಕೆ ನಾಲ್ಕಾರು ತುಂಡುಗಳಾಗಿರುವುದು. ಹೊಲವನ್ನು ಹಂಚಿದರೆ ಅದು ಕಿರಿದಾಗುವುದು. ವಿದ್ಯೆಯನ್ನು ಹಂಚಿದರೆ ಅದು ಕಿರಿದಾಗದು. ಆದ್ದರಿಂದಲೇ ಅನೇಕ ತಂದೆತಾಯಿಗಳು ಮಕ್ಕಳನ್ನು ಪದವಿಯವರೆಗೆ ಓದಿಸಿ, ಮುಂದೇನು ಎಂದು ಯೋಚಿಸುತ್ತಿರುವರು. ಈ ಸಂದರ್ಭದಲ್ಲಿ ಜೀವತಂತ್ರಜ್ಞಾನ ಮತ್ತು ನವೀಕರಿಸಬಹುದಾದ ಇಂಧನಗಳು ಎಂಬ ಎರಡು ವಿಷಯಗಳ ಸ್ನಾತಕೋತ್ತರ ವ್ಯಾಸಂಗದ ಮಾತು ಹಳ್ಳಿಗಳಲ್ಲಿಯೂ ಕೇಳಿಬರುತ್ತಿರುವುದು. ಇದು ಪಟ್ಟಣದವರ ವಿದ್ಯೆಯೆಂದೂ, ಕಲಿತವನು ಊರು ಬಿಡುವನೇ ಹೊರತು ಊರಿಗೆ ಒದಗನೆಂದೂ ಕೆಲವರ ಭಾವನೆ. ಆ ಭಾವನೆ ಎಷ್ಟು ಮಟ್ಟಿಗೆ ಸರಿ, ಎಲ್ಲಿ ತಪ್ಪು ಎಂಬುದನ್ನು ಊರಿನ ಹಿರಿಯರು ವಿಚಾರಿಸಿ ನೋಡತಕ್ಕದ್ದು.

ಈ ವಿದ್ಯೆಗಳ ಸ್ವರೂಪ

ಹೆಸರು ಹೊಸದಾದರೂ ಜೀವತಂತ್ರಜ್ಞಾನದ ಮೂಲಕೆಲಸವು ಹಳ್ಳಿಗೆ ಹೊಸದಲ್ಲ. ಹಾಲಿಗೆ ಹೆಪ್ಪು ಹಾಕುವುದು, ಹಿಟ್ಟನ್ನು ಹುಳಿಬರಿಸುವುದು, ತಿಪ್ಪೆಯಲ್ಲಿ ಕಸವನ್ನು ಗೊಬ್ಬರವಾಗಿಸುವುದು, ಇವೆಲ್ಲ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸಗಳೇ. ಆ ಜೀವಿಗಳ ಗುಣವನ್ನರಿತು, ಬೇಕಾದುದನ್ನು ಬೆಳೆಸಿ, ಬೇಡವಾದುದನ್ನು ತಡೆದು, ಬೆಳೆಯ ಮತ್ತು ದನದ ವಂಶಗುಣಗಳನ್ನು ಪರೀಕ್ಷಿಸಿ ಮನುಷ್ಯನ ಉಪಯೋಗಕ್ಕೆ ತರುವುದೇ ಜೀವತಂತ್ರಜ್ಞಾನವು. ಕಲ್ಲಿದ್ದಲು, ಎಣ್ಣೆಗಳಂತೆ ಒಮ್ಮೆ ಉರಿಸಿದರೆ ಮುಗಿದುಹೋಗದೆ, ವರ್ಷವರ್ಷವೂ ಮರಳಿ ದೊರೆಯುವ ಬಿಸಿಲು, ಗಾಳಿ, ನೀರು, ಸೆಗಣಿ, ಬೆಳೆಯ ಕಟ್ಟಿಗೆ ಇವುಗಳಿಂದ ಶಕ್ತಿಯನ್ನು ಪಡೆಯುವುದು ಎರಡನೆಯ ವಿದ್ಯೆ. ಸೆಗಣಿಯ ಅನಿಲದಲ್ಲಿಯೂ ಕಬ್ಬಿನ ಕಾಕಂಬಿಯಲ್ಲಿಯೂ ಈ ಎರಡು ವಿದ್ಯೆಗಳು ಒಂದಾಗಿ ಸೇರುವುವು. ಈ ಸೀಮೆಯ ಪ್ರಯೋಜನವೂ ಮುಖ್ಯವಾಗಿ ಅಲ್ಲಿಯೇ ಇರುವುದು.

ಸೆಗಣಿಯ ಲೆಕ್ಕ

ಸೆಗಣಿಯನ್ನು ಕುಳ್ಳು ತಟ್ಟಿ ಒಣಗಿಸಿ ಉರಿಸಿದರೆ ಅಡಿಗೆಯಾಗುವುದು ನಿಜ. ಆದರೆ ಅದರಲ್ಲಿರುವ ಸಾರಜನಕವೆಲ್ಲ ಹೊಗೆಯೊಡನೆ ಹೋಗಿ, ಹೊಲಕ್ಕೆ ಬೂದಿ ಮಾತ್ರ ಉಳಿಯುವುದು. ಸಾಧಾರಣ ಒಲೆಯಲ್ಲಿ ಕುಳ್ಳಿನ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಗಲುವುದು. ಅದೇ ಸೆಗಣಿಯನ್ನು ಸಮಪಾಲು ನೀರಿನಲ್ಲಿ ಕದಡಿ ಗಾಳಿಯಾಡದ ತೊಟ್ಟಿಯಲ್ಲಿಟ್ಟರೆ, ಸೂಕ್ಷ್ಮಜೀವಿಗಳು ಅದನ್ನು ಹಂತಹಂತವಾಗಿ ಕರಗಿಸಿ, ಹುಳಿಯಾಗಿಸಿ, ಕೊನೆಗೆ ಮೀಥೇನ್ ಎಂಬ ಉರಿಯುವ ಅನಿಲವನ್ನು ಹುಟ್ಟಿಸುವುವು. ಹೊರಬರುವ ಅನಿಲದಲ್ಲಿ ನೂರಕ್ಕೆ 55ರಿಂದ 65 ಪಾಲು ಮೀಥೇನ್, ಉಳಿದುದರಲ್ಲಿ ಬಹುಪಾಲು ಇಂಗಾಲಾಮ್ಲ. ಅದರ ಒಲೆಯಲ್ಲಿ ಅರ್ಧಕ್ಕೂ ಹೆಚ್ಚು ಶಾಖ ಪಾತ್ರೆಗೆ ಸೇರುವುದು. ಸಾರಜನಕವಾದರೋ ಬಗ್ಗಡದಲ್ಲಿಯೇ ಉಳಿದು ಹೊಲಕ್ಕೆ ಮರಳುವುದು.

ಒಂದು ಕಿಲೋ ಹಸಿ ಸೆಗಣಿಯಿಂದ ಸುಮಾರು 40 ಲೀಟರು ಅನಿಲ ಹುಟ್ಟುವುದು. ಎರಡು ಘನಮೀಟರಿನ ಘಟಕಕ್ಕೆ ದಿನವೊಂದಕ್ಕೆ 50 ಕಿಲೋ ಸೆಗಣಿ, ಎಂದರೆ ನಾಲ್ಕೈದು ದೊಡ್ಡ ದನಗಳ ಸೆಗಣಿ ಬೇಕು. ಅದು ಪೂರ್ಣವಾಗಿ ನಡೆದರೆ ತಿಂಗಳಿಗೆ ಸುಮಾರು 25 ಕಿಲೋ ಅಡಿಗೆಯ ಗ್ಯಾಸಿಗೆ ಸಮನಾದ ಇಂಧನ ದೊರೆಯುವುದು. ಈ ಜೀವಿಗಳಿಗೆ ಸುಮಾರು 35 ಡಿಗ್ರಿ ಶಾಖ ಹಿತವಾದುದು. ಚಳಿ ಹೆಚ್ಚಿದರೆ ಅವುಗಳ ಕೆಲಸ ನಿಧಾನವಾಗುವುದು. ಬೀದರ ಸೀಮೆಯ ಎತ್ತರದ ನೆಲದಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ಚಳಿಗೆ ಅನಿಲ ಕಡಿಮೆಯಾಗುವುದು ಇದರಿಂದಲೇ.

ಈ ಕಾರ್ಯಕ್ಕೆ ನಮ್ಮ ದೇಶದಲ್ಲಿ ದೀರ್ಘವಾದ ಚರಿತ್ರೆಯುಂಟು. 1939ರ ಸುಮಾರಿಗೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿಯವರು ಸೆಗಣಿಯ ಅನಿಲದ ಪ್ರಯೋಗಗಳನ್ನು ನಡೆಸಿದರು. 1950ರ ದಶಕದಲ್ಲಿ ಜಶಭಾಯಿ ಪಟೇಲರು ತೇಲುವ ಡೋಲಿನ ಮಾದರಿಯನ್ನು ರೂಪಿಸಿದರು; ಖಾದಿ ಗ್ರಾಮೋದ್ಯೋಗದವರು ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. 1984ರಲ್ಲಿ ಇಟ್ಟಿಗೆಯ ಗುಮ್ಮಟವುಳ್ಳ, ಖರ್ಚು ಕಡಿಮೆಯಾದ ದೀನಬಂಧು ಮಾದರಿ ಬಂದಿತು. ಹೀಗೆ ಒಬ್ಬರಾದ ಮೇಲೊಬ್ಬರು ಕಲಿತವರು ಹಿಂದಿನವರ ಕುಂದನ್ನು ತಿದ್ದುತ್ತ ಬಂದಿರುವರು.

ಪುರ ಗ್ರಾಮದ ಪಾಠ

ಕಲಿತವರ ವಿದ್ಯೆಯೂ ಊರವರ ತಿಳಿವಳಿಕೆಯೂ ಕೂಡದಿದ್ದರೆ ಏನಾಗುವುದು, ಕೂಡಿದರೆ ಏನಾಗುವುದು ಎಂಬುದಕ್ಕೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮವು ಒಳ್ಳೆಯ ನಿದರ್ಶನವಾಗಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಸ್ಥಾಪಿಸಿದರು. ಹಳ್ಳಿಯ ಜನಕ್ಕೆ ಒದಗುವ ತಂತ್ರಗಳನ್ನು ಹಳ್ಳಿಯಲ್ಲಿಯೇ ಪರೀಕ್ಷಿಸಬೇಕೆಂಬುದು ಅದರ ಉದ್ದೇಶ. ಪುರದಲ್ಲಿ ಊರಿಗೆಲ್ಲ ಒಂದೇ ಸೆಗಣಿ ಅನಿಲದ ಘಟಕವನ್ನು ಕಟ್ಟಿ, ಮನೆಮನೆಗೆ ಅಡಿಗೆಯ ಅನಿಲವನ್ನು ಒದಗಿಸುವುದೆಂದು ಮೊದಲು ಗೊತ್ತುಮಾಡಲಾಯಿತು. ಆದರೆ ಊರಿನಲ್ಲಿ ದೊರೆತ ಸೆಗಣಿಯ ಅನಿಲವು ಎಲ್ಲ ಒಲೆಗಳಿಗೆ ಸಾಲದೆ ಹೋಯಿತು. ಆ ಪ್ರಯತ್ನ ಫಲಿಸಲಿಲ್ಲ.

ಅನಂತರ ಊರವರ ಮಾತಿಗೆ ಕಿವಿಗೊಡಲಾಯಿತು. ಅವರಿಗೆ, ಅದರಲ್ಲಿಯೂ ಹೆಂಗಸರಿಗೆ, ಮೊದಲು ಬೇಕಾಗಿದ್ದುದು ಶುದ್ಧವಾದ ಕುಡಿಯುವ ನೀರು. 1987ರಿಂದ ಆ ಅನಿಲವನ್ನು ಡೀಸೆಲಿನೊಡನೆ ಕೂಡಿಸಿ ಒಂದು ಸಣ್ಣ ಯಂತ್ರವನ್ನು ನಡೆಸಿ, ಕೊಳವೆಬಾವಿಯಿಂದ ನೀರನ್ನೆತ್ತಿ ನಲ್ಲಿಗಳಿಗೂ, ಮನೆಗಳಿಗೆ ದೀಪಗಳಿಗೂ ಒದಗಿಸಲಾಯಿತು. ಸೆಗಣಿ ತಂದವರಿಗೆ ತೂಕದ ಪ್ರಕಾರ ಸ್ವಲ್ಪ ಹಣವನ್ನೂ, ಅವರ ಪಾಲಿನ ಗೊಬ್ಬರವನ್ನೂ ಕೊಡುವ ಏರ್ಪಾಡಾಯಿತು. ಯಂತ್ರವನ್ನು ನಡೆಸಿದವರು ಊರಿನ ಹುಡುಗರೇ. ಮುಂದೆ ಕೆಲವು ವರ್ಷಗಳಿಗೆ ಆ ವ್ಯವಸ್ಥೆಯು ನಿಂತಿತಾದರೂ ಅದು ಕಲಿಸಿದ ಪಾಠವು ನಿಲ್ಲಲಿಲ್ಲ. ಮೊದಲನೆಯ ಸಾರಿ ಘಟಕ ಸೋತುದು ವಿಜ್ಞಾನ ಸುಳ್ಳಾದುದರಿಂದಲ್ಲ. ಊರಿನ ಕೊಟ್ಟಿಗೆಯ ಲೆಕ್ಕವೂ ಊರಿನ ಅಗತ್ಯವೂ ಮೊದಲು ಸರಿಯಾಗಿ ಕೂಡಿಬರದಿದ್ದುದರಿಂದ. ಆ ಲೆಕ್ಕವನ್ನು ಬಲ್ಲವರು ಊರಿನ ಹಿರಿಯರೇ ಹೊರತು ಬೇರೆಯವರಲ್ಲ.

ಇಂದು ಉಳುಮೆಗೆ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗುತ್ತಿರುವಾಗ ಈ ಲೆಕ್ಕವು ಮತ್ತಷ್ಟು ಮುಖ್ಯವಾಗುವುದು. ಎರಡು ದನಗಳುಳ್ಳ ಮನೆಯಲ್ಲಿ ಸೆಗಣಿಯ ಜೊತೆಗೆ ಸೋಯಾ ಹೊಟ್ಟು, ಎಲೆ, ಅಡಿಗೆಯ ಕಸ ಇವುಗಳನ್ನು ಎಷ್ಟು ಪ್ರಮಾಣದಲ್ಲಿ ಕೂಡಿಸಿದರೆ ತೊಟ್ಟಿ ಹುಳಿಯೇರದೆ ನಡೆದೀತು? ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡುವ ಅಗ್ಗದ ಉಪಾಯವೇನು? ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಪ್ರಬಂಧಕ್ಕೆ ಇಂಥ ಪ್ರಶ್ನೆ ಸಾಕು; ಉತ್ತರ ದೊರೆತರೆ ಲಾಭ ಸಾವಿರ ಮನೆಗಳಿಗೆ.

ತೊಗರಿಯ ಬೇರಿನಲ್ಲಿ

ಹುಮನಾಬಾದಿನ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಹೈದರಾಬಾದಿನ ಕಡೆಗೆ ಸಾಗಿದರೆ, ಆ ನಗರಕ್ಕೆ ಮುನ್ನ ಪಟಾನ್‌ಚೆರು ಎಂಬ ಊರು ಸಿಗುವುದು. 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಅಲ್ಲಿರುವುದು. ಜೋಳ, ತೊಗರಿ, ಕಡಲೆ, ಶೇಂಗಾ, ಎಂದರೆ ಈ ಸೀಮೆಯವರೇ ಉಣ್ಣುವ ಮತ್ತು ಮಾರುವ ಬೆಳೆಗಳು, ಅದರ ಮುಖ್ಯ ವಿಷಯಗಳು. ತೊಗರಿಯನ್ನು ಹೊಲದಲ್ಲಿ ನಿಂತಂತೆಯೇ ಒಣಗಿಸುವ ನೆಟೆ ರೋಗವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಒಂದು ಶಿಲೀಂಧ್ರದಿಂದ ಬರುವುದು; ಗಿಡವು ಹಸಿರಾಗಿ ಬೆಳೆದರೂ ಹೂಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗವು ಕಣ್ಣಿಗೆ ಕಾಣದ ನುಸಿಯ ಮೂಲಕ ಹರಡುವುದು. 1980ರ ದಶಕದಲ್ಲಿ ಬಂದ ಮಾರುತಿ ತಳಿಯು ನೆಟೆಯನ್ನು ತಡೆಯಿತು, ಗೊಡ್ಡು ರೋಗವನ್ನು ತಡೆಯಲಾರದೆ ಹೋಯಿತು. ಎರಡನ್ನೂ ತಾಳುವ ಆಶಾ ಎಂಬ ತಳಿ 1993ರಲ್ಲಿ ಬಿಡುಗಡೆಯಾಯಿತು. ಆ ಆಶಾ ತಳಿಯನ್ನೇ ಆರಿಸಿಕೊಂಡು, ಇಕ್ರಿಸ್ಯಾಟಿನ ಮುಂದಾಳುತನದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ತೊಗರಿಯ ವಂಶವಾಹಿಗಳ ಸಮಗ್ರ ನಕ್ಷೆಯನ್ನು 2011ರಲ್ಲಿ ಪ್ರಕಟಿಸಿದರು. ಹಿಂದೆ ರೋಗ ತಾಳುವ ಗಿಡ ಯಾವುದೆಂದು ತಿಳಿಯಲು ರೋಗದ ಹೊಲದಲ್ಲಿ ಬೆಳೆಸಿ, ಸಾಯುವುದನ್ನೂ ಉಳಿಯುವುದನ್ನೂ ಕಾಯಬೇಕಾಗಿದ್ದಿತು. ಈಗ ಸಸಿಯ ಎಲೆಯ ಚೂರನ್ನು ಪರೀಕ್ಷಿಸಿ ಆರಿಸುವ ಮಾರ್ಗ ತೆರೆದಿರುವುದು.

ಬೇರಿನ ಗಂಟುಗಳ ಸಂಗತಿಯೂ ಇಂಥದೇ. ತೊಗರಿ, ಉದ್ದು, ಹೆಸರು, ಸೋಯಾಗಳ ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಎಂಬ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುವೆಂಬುದನ್ನು ಜರ್ಮನಿಯ ಹೆಲ್‌ರೀಗೆಲನು 1886ರಲ್ಲಿ ತಿಳಿಸಿದನು. 1888ರಲ್ಲಿ ಹಾಲೆಂಡಿನ ಬೈಯರಿಂಕನು ಆ ಜೀವಿಯನ್ನು ಬೇರ್ಪಡಿಸಿ ಬೆಳೆಸಿದನು. ಇಂದು ಎಕರೆಯ ಬೀಜಕ್ಕೆ 200 ಗ್ರಾಮಿನ ಒಂದು ಪೊಟ್ಟಣ ದೊರೆಯುವುದು. ಅದರೊಳಗಿರುವುದು ಜೀವವುಳ್ಳ ವಸ್ತು. ಬಿಸಿಲಿನಲ್ಲಿಟ್ಟ, ಅವಧಿ ಮೀರಿದ ಪೊಟ್ಟಣದಲ್ಲಿ ಬರಿಯ ಪುಡಿ ಮಾತ್ರ ಉಳಿದಿರುವುದು. ಬೆಲ್ಲದ ನೀರಿನಿಂದ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತತಕ್ಕದ್ದು. ಇಲ್ಲಿಯ ಎರೆಭೂಮಿಗೂ ಕೆಂಪುನೆಲಕ್ಕೂ ಒಂದೇ ಬಗೆಯ ಜೀವಿ ಒಗ್ಗುವುದೇ ಎಂಬುದು ಈ ಊರಿನ ಮಕ್ಕಳು ಈ ನೆಲದ ಬೇರುಗಳಿಂದಲೇ ಗಂಟುಗಳನ್ನು ಕಿತ್ತು ಪರೀಕ್ಷಿಸತಕ್ಕ ವಿಷಯವಾಗಿರುವುದು.

ಕಬ್ಬಿನ ಗಾಣದಿಂದಾಚೆಗೆ

ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಲ್ಪಟ್ಟಂದಿನಿಂದ ಕಬ್ಬಿನ ಲೆಕ್ಕವು ಈ ಕಡೆಯವರಿಗೆ ಪರಿಚಿತವಾದುದು. ನೂರು ಟನ್ನು ಕಬ್ಬನ್ನು ಅರೆದರೆ ಸಕ್ಕರೆಯಲ್ಲದೆ ಸುಮಾರು 30 ಟನ್ನು ಹಸಿ ಸಿಪ್ಪೆ, ನಾಲ್ಕು ಟನ್ನು ಕಾಕಂಬಿ, ಮೂರು ನಾಲ್ಕು ಟನ್ನು ಮಡ್ಡಿ ಉಳಿಯುವುವು. ಸಿಪ್ಪೆಯನ್ನು ಉರಿಸಿ ಉಗಿ ಮತ್ತು ವಿದ್ಯುತ್ತು, ಕಾಕಂಬಿಯನ್ನು ಹುಳಿಯಿಸಿ ಎಥೆನಾಲು, ಮಡ್ಡಿಯಿಂದ ಅನಿಲ ಮತ್ತು ಗೊಬ್ಬರ ದೊರೆಯುವುವು. ಒಂದು ಟನ್ನು ಕಾಕಂಬಿಯಿಂದ 220 ಲೀಟರಿನಷ್ಟು ಮದ್ಯಸಾರ ಬರುವುದು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ತರುವಾಯ ಪೆಟ್ರೋಲಿನಲ್ಲಿ ಎಥೆನಾಲನ್ನು ಬೆರೆಸುವ ಕಾರ್ಯ ವೇಗಗೊಂಡು, 2025ರಲ್ಲಿ ನೂರಕ್ಕೆ 20ರ ಪ್ರಮಾಣವನ್ನು ಮುಟ್ಟಿತು.

ಆದರೆ ಪ್ರತಿ ಲೀಟರು ಮದ್ಯಸಾರಕ್ಕೆ ಎಂಟು ಹತ್ತು ಲೀಟರು ಕಪ್ಪಾದ ಕೊಳೆನೀರು ಹೊರಬೀಳುವುದೆಂಬುದನ್ನು ಮರೆಯಲಾಗದು. ಶುದ್ಧಿಮಾಡದೆ ಬಿಟ್ಟರೆ ಅದು ಹಳ್ಳವನ್ನೂ ಬಾವಿಯನ್ನೂ ಕೆಡಿಸುವುದು. ಅದನ್ನು ಶುದ್ಧಿಮಾಡುವ ಮೊದಲ ಹಂತದಲ್ಲಿ ದುಡಿಯುವವು ಸೆಗಣಿಯ ತೊಟ್ಟಿಯಲ್ಲಿರುವ ಜಾತಿಯ ಜೀವಿಗಳೇ. ಕೊಟ್ಟಿಗೆಯ ಹಿಂದಿನ ತೊಟ್ಟಿಯಲ್ಲಿ ಕಲಿತ ವಿದ್ಯೆಯು ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿಯೂ ನಡೆಯುವುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕಿಲ್ಲ. ಇಂಥ ಕಾರ್ಖಾನೆಗಳಿಗೆ ಸೂಕ್ಷ್ಮಜೀವಿಗಳ ಗುಣವನ್ನು ಬಲ್ಲ ತಜ್ಞರೂ ಬೇಕು. ಆ ತಜ್ಞರಲ್ಲಿ ಹಳ್ಳದ ಕೆಳಗಿನ ಊರಿನವನೊಬ್ಬನಿದ್ದರೆ ಅದು ಎಲ್ಲರಿಗೂ ಕ್ಷೇಮ.

ಬಿಸಿಲು, ಬಾವಿ ಮತ್ತು ಗೇಣಿ

ಈ ಸೀಮೆಯ ಒಂದು ಚದರ ಮೀಟರು ನೆಲದ ಮೇಲೆ ದಿನಕ್ಕೆ ಸರಾಸರಿ ಐದು ಯೂನಿಟ್ಟಿನಷ್ಟು ಬಿಸಿಲು ಬೀಳುವುದು. ಸೌರಫಲಕವು ಅದರಲ್ಲಿ ಸುಮಾರು ಐದನೆಯ ಒಂದು ಪಾಲನ್ನು ವಿದ್ಯುತ್ತಾಗಿಸುವುದು. ಕೇಂದ್ರ ಸರ್ಕಾರದವರು 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯು ಸೌರ ಪಂಪುಗಳಿಗೆ ಸಹಾಯಧನವನ್ನು ಒದಗಿಸಿತು. ಬಿಸಿಲಿಗೆ ಬಿಲ್ಲಿಲ್ಲವೆಂದು ಹಗಲೆಲ್ಲ ಪಂಪು ನಡೆಸಿದರೆ ಬಾವಿ ಬತ್ತುವುದು. ಎಷ್ಟು ಎತ್ತಿದರೆ ಕ್ಷೇಮ, ಉಳಿದ ವಿದ್ಯುತ್ತನ್ನು ಹಿಟ್ಟಿನ ಗಿರಣಿಗೋ ಬೇಳೆ ಒಡೆಯುವ ಯಂತ್ರಕ್ಕೋ ಹೇಗೆ ತಿರುಗಿಸಬಹುದು ಎಂಬುದನ್ನು ಲೆಕ್ಕಹಾಕುವುದು ಇಂಧನವಿದ್ಯೆ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2018ರಲ್ಲಿ ವಿದ್ಯುತ್ತು ಹರಿಸತೊಡಗಿದ ಸೌರ ಉದ್ಯಾನಕ್ಕೆ ರೈತರು ಜಮೀನನ್ನು ಮಾರಲಿಲ್ಲ, ಗೇಣಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುವ ಕರಾರು ಅದು. ಜಮೀನುಳ್ಳವರಿಗೆ ನಿಶ್ಚಿತವಾದ ವರಮಾನ ಬಂದಿತು. ಆ ಹೊಲಗಳಲ್ಲಿ ಕೂಲಿಮಾಡಿ ಬದುಕುತ್ತಿದ್ದ ಭೂರಹಿತರಿಗೆ ಗೇಣಿಯಲ್ಲಿ ಪಾಲಿರಲಿಲ್ಲ. ಇಂಥ ಕರಾರು ಊರಿಗೆ ಬಂದಾಗ ಅದನ್ನು ಓದಿ, ಯಾರಿಗೆ ಎಷ್ಟು ಲಾಭ, ಯಾರಿಗೆ ನಷ್ಟ ಎಂದು ಹೇಳಬಲ್ಲವರು ಊರಿನಲ್ಲಿಯೇ ಇರಬೇಕು.

ಎಲ್ಲಿ, ಹೇಗೆ ಓದತಕ್ಕದ್ದು

ಈ ಸೀಮೆಗೆ ಸಮೀಪವಾದ ಸ್ಥಳಗಳಲ್ಲಿ, 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾನಿಲಯದಲ್ಲಿ ಜೀವತಂತ್ರಜ್ಞಾನದ ಸ್ನಾತಕೋತ್ತರ ವಿಭಾಗವುಂಟು. ರಾಯಚೂರಿನ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆಗಳಿಗೆ ಸಂಬಂಧಿಸಿದ ಜೀವತಂತ್ರಜ್ಞಾನವನ್ನು ಕಲಿಸುವರು. ಬೀದರಿನಲ್ಲಿಯೇ, 2004ರ ಶಾಸನದಿಂದ ಹುಟ್ಟಿದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯವಿರುವುದು. ವ್ಯಾಸಂಗವು ಸಾಮಾನ್ಯವಾಗಿ ಎರಡು ವರ್ಷ. ಅದರ ಕೊನೆಯ ಭಾಗದಲ್ಲಿ ವಿದ್ಯಾರ್ಥಿಯು ಒಂದು ವಿಷಯವನ್ನು ಸ್ವತಃ ಪರೀಕ್ಷಿಸಿ ಪ್ರಬಂಧ ಬರೆಯತಕ್ಕದ್ದು. ಜೀವವಿಜ್ಞಾನ ಅಥವಾ ಕೃಷಿಯ ಪದವಿ ಪಡೆದವರಿಗೆ ಜೀವತಂತ್ರಜ್ಞಾನವೂ, ಯಂತ್ರ, ವಿದ್ಯುತ್, ರಸಾಯನ ಅಥವಾ ಕೃಷಿ ಇಂಜಿನಿಯರಿಂಗ್ ಓದಿದವರಿಗೆ ಇಂಧನವಿದ್ಯೆಯೂ ತಕ್ಕುದು. ಇಂಜಿನಿಯರಿಂಗಿಗೆ ಗೇಟ್ ಪರೀಕ್ಷೆಯೂ, ಕೃಷಿ ವಿಷಯಗಳಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರವೇಶ ಪರೀಕ್ಷೆಯೂ ದೇಶದ ಇತರ ಸಂಸ್ಥೆಗಳ ಬಾಗಿಲನ್ನೂ ವಿದ್ಯಾರ್ಥಿವೇತನದ ಅವಕಾಶವನ್ನೂ ತೆರೆಯುವುವು.

ಸಂವಿಧಾನಕ್ಕೆ 2012ರಲ್ಲಿ ಅಂಗೀಕೃತವಾದ ತಿದ್ದುಪಡಿಯಿಂದ ಸೇರಿದ 371ಜೆ ವಿಧಿಯು ಈ ಪ್ರದೇಶದವರಿಗೆ ವಿಶೇಷವಾದುದು. ಅದರ ಅನ್ವಯ 2013ರಲ್ಲಿ ಹೊರಟ ಆಜ್ಞೆಯಂತೆ ಕಲ್ಯಾಣ ಕರ್ನಾಟಕದೊಳಗಿನ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳೂ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳೂ ಈ ಪ್ರದೇಶದ ವಿದ್ಯಾರ್ಥಿಗಳಿಗೆ ಮೀಸಲಾದುವು. ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಪಡೆದಿರತಕ್ಕದ್ದು. ಕಾಗದ ಒದಗದೆ ಸ್ಥಾನ ತಪ್ಪಿದರೆ ಒಂದು ವರ್ಷವೇ ಹೋಗುವುದು.

ಪ್ರಮಾಣಪತ್ರವೊಂದರಿಂದಲೇ ಉದ್ಯೋಗ ದೊರೆಯುವುದೆಂದು ಭಾವಿಸತಕ್ಕದ್ದಲ್ಲ. ಪ್ರಯೋಗಾಲಯದಲ್ಲಿ ಕೈಪಳಗದವನಿಗೆ ಈ ವಿದ್ಯೆಯಲ್ಲಿ ಬೆಲೆಯಿಲ್ಲ. ಹಣ ಕಟ್ಟುವ ಮೊದಲು ತಂದೆಯು ವಿದ್ಯಾಲಯಕ್ಕೆ ಹೋಗಿ, ಅದಕ್ಕೆ ಮಾನ್ಯತೆಯುಂಟೆ, ಪ್ರಯೋಗಾಲಯ ನಡೆಯುತ್ತಿರುವುದೆ, ಹಿಂದೆ ಓದಿದವರು ಯಾವ ವಿಷಯದ ಮೇಲೆ ಕೆಲಸಮಾಡಿದರು, ಈಗ ಏನು ಮಾಡುತ್ತಿರುವರು ಎಂದು ವಿಚಾರಿಸುವುದು ಲೇಸು. ಎತ್ತು ಕೊಳ್ಳುವಾಗ ಹಲ್ಲು ನೋಡುವವರು ವಿದ್ಯಾಲಯವನ್ನು ನೋಡದೆ ಆರಿಸುವುದು ಸರಿಯಲ್ಲ.

ಗ್ರಾಮದ ಮುಖಂಡರು ಮಾಡತಕ್ಕ ಕಾರ್ಯಗಳು

1. ಊರಿನ ದನಗಳ ಸಂಖ್ಯೆ, ದೊರೆಯುವ ಸೆಗಣಿ, ತೊಗರಿ ಕಟ್ಟಿಗೆ, ಸೋಯಾ ಹೊಟ್ಟು, ಬಾವಿಗಳ ನೀರಿನ ಮಟ್ಟ, ನೆಟೆ ರೋಗ ಬಿದ್ದ ಹೊಲಗಳು, ಇವುಗಳನ್ನು ಒಂದು ಪುಸ್ತಕದಲ್ಲಿ ವರ್ಷವರ್ಷವೂ ಬರೆಯಿಸಿಡುವುದು.

2. ಊರಿನಿಂದ ಉನ್ನತ ವ್ಯಾಸಂಗಕ್ಕೆ ಹೋದ ಹುಡುಗರಿಗೂ ಹುಡುಗಿಯರಿಗೂ ಆ ಪುಸ್ತಕವನ್ನು ತೋರಿಸಿ, ಪ್ರಬಂಧದ ವಿಷಯವನ್ನು ಅದರಿಂದ ಆರಿಸಿಕೊಳ್ಳುವಂತೆ ಹೇಳುವುದು. ಪ್ರಯೋಗಕ್ಕೆ ಹೊಲದ ಒಂದು ಮೂಲೆಯನ್ನೂ ಕೊಟ್ಟಿಗೆಯನ್ನೂ ಬಿಟ್ಟುಕೊಡುವುದು.

3. ಹೆಣ್ಣುಮಕ್ಕಳ ವ್ಯಾಸಂಗವನ್ನು ಪದವಿಗೇ ನಿಲ್ಲಿಸದಿರುವುದು. ಒಲೆಯ ಹೊಗೆಯನ್ನೂ ನೀರಿನ ಕೊಡದ ಭಾರವನ್ನೂ ಬಲ್ಲವರು ಅವರೇ. ಪುರ ಗ್ರಾಮದಲ್ಲಿ ಯೋಜನೆಯ ದಾರಿ ತಿದ್ದಿದ್ದು ಆ ತಿಳಿವಳಿಕೆಯೇ.

4. ಪ್ರಬಂಧ ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಬರೆಯಿಸಿ ಗ್ರಾಮಸಭೆಯಲ್ಲಿ ಓದಿಸುವುದು. ಪ್ರಯೋಗವು ಫಲಿಸದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿಸುವುದು.

ಕಾಯಕವನ್ನೇ ಪೂಜೆಯೆಂದು ಬಗೆದ ಶರಣರು ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಕೂಡಿದ್ದರು. ಚಮ್ಮಾರನೂ ಅಂಬಿಗನೂ ನೇಯುವವನೂ ತಮ್ಮ ಕಸುಬಿನ ಅನುಭವದಿಂದಲೇ ಮಾತಾಡಿದರು. ಕಸುಬನ್ನು ಬಿಟ್ಟು ಬಂದವರಲ್ಲ. ಉನ್ನತ ವ್ಯಾಸಂಗಕ್ಕೂ ಈ ಮೇಲ್ಪಂಕ್ತಿ ಸಲ್ಲುವುದು. ಮಕ್ಕಳು ಕಲಿತು ಬೇರೆಡೆ ಉದ್ಯೋಗಕ್ಕೆ ಹೋಗಬಹುದು, ಅದನ್ನು ತಡೆಯತಕ್ಕದ್ದೂ ಅಲ್ಲ. ಆದರೆ ಅವರು ಕಲಿಯುವ ಎರಡು ವರ್ಷಗಳಲ್ಲಿ ಊರಿನ ಒಂದು ಪ್ರಶ್ನೆಗೆ ಉತ್ತರ ದೊರಕಿದರೂ, ಹೊಲದ ಪಾಲಿನಲ್ಲಿ ಸೇರದ, ಹಂಚಿದರೂ ಸವೆಯದ ಒಂದು ಸ್ವತ್ತು ಊರಿಗೆ ದೊರೆತಂತಾಗುವುದು. ಆ ಪ್ರಶ್ನೆಯನ್ನು ಅವರ ಕೈಗೆ ಕೊಟ್ಟು ಕಳುಹಿಸುವ ಹೊಣೆಯು ಊರಿನ ಹಿರಿಯರದೇ ಆಗಿರುವುದು.